ಐದು ಮುಖಕ್ಕೂ ಟಿಕ್

ದೋಹಾ, ಕತಾರ್
ಶುಕ್ರವಾರ

ಪ್ರೀತಿಯ ತಮ್ಮಾ,

ಮೊನ್ನೆ ಫೋನಿನಲ್ಲಿ "ಅಣ್ಣಾ, ಅಲ್ಲಿ ಕೆಲಸ ಹೆಂಗಿದೆ, ನಾನೂ ಬರಲಾ?" ಅಂತ ಕೇಳಿದೆಯಲ್ಲ, "ಚೆನ್ನಾಗಿದೆ" ಅಂದುಬಿಟ್ಟೆ. ರೂಮಿನಲ್ಲಿ ಆರು ಜನ, ಎಲ್ಲರ ಕಿವಿಯೂ ಇತ್ತಲೇ ಇರುತ್ತದೆ. ನಿನ್ನ ಪಕ್ಕದಲ್ಲಿ ಅಮ್ಮ ಬೇರೆ ಇದ್ದಳು. ಅದಕ್ಕೇ ಈ ಪತ್ರ. ಅಮ್ಮನಿಗೆ ಎಷ್ಟು ಹೇಳಬೇಕೋ ಅಷ್ಟೇ ಹೇಳು.

ಹೋದ ವಾರ ಆಫೀಸಿನವರೊಬ್ಬರು ಸೈಟಿಗೆ ಬಂದು ಒಂದು ಫಾರಂ ಹಂಚಿದರು. ಅದರಲ್ಲಿ ಐದು ಮುಖದ ಚಿತ್ರ. ಮೊದಲನೆಯದು ಅಳುತ್ತದೆ, ಕೊನೆಯದು ಹಲ್ಲು ಕಿಸಿಯುತ್ತದೆ. ಕೆಲಸದಲ್ಲಿ ಎಷ್ಟು ಖುಷಿ ಇದೆಯೋ ಆ ಮುಖಕ್ಕೆ ಟಿಕ್ ಹಾಕಬೇಕು. ಫೋರ್‌ಮನ್ ಹಿಂದೆಯೇ ಕೈ ಕಟ್ಟಿ ನಿಂತಿದ್ದ. ನಾವೆಲ್ಲ ಹಲ್ಲು ಕಿಸಿಯೋದಕ್ಕೇ ಹಾಕಿದೆವು. ನೇಪಾಳದ ಒಬ್ಬ ಹಿರಿಯ, ಓದು ಬರಹ ಬಾರದವನು, ಐದಕ್ಕೂ ಟಿಕ್ ಹಾಕಿದ. ಎಲ್ಲರೂ ನಕ್ಕರು. ರಾತ್ರಿ ಮಲಗಿದಾಗ ಅವನದೇ ಸರಿ ಅನಿಸಿತು.

ಕಂಬಿ ಕಟ್ಟೋ ಕೆಲಸ ನನಗೆ ಇಷ್ಟ, ಸುಳ್ಳಲ್ಲ. ಒಂದೂವರೆ ವರ್ಷ ಹೆಲ್ಪರ್ ಆಗಿ ಬರೀ ಕಂಬಿ ಹೊತ್ತೆ. ಈಗ ಕೈಯಲ್ಲಿ ಕೊಕ್ಕೆ ಇದೆ. ಬೈಂಡಿಂಗ್ ವೈರ್ ಮಡಚಿ, ಎರಡು ಕಂಬಿ ಸೇರುವಲ್ಲಿ ಹಾಯಿಸಿ, ಕೊಕ್ಕೆ ಸಿಕ್ಕಿಸಿ ತಿರುಗಿಸಬೇಕು. ಮೂರು ಸುತ್ತಿಗೆ ಬಿಗಿಯುತ್ತದೆ. ಆಸೆಗೆ ಇನ್ನೊಂದು ಸುತ್ತು ಹಾಕಿದೆಯೋ, ಪಟ್ ಅಂತ ತುಂಡು. ಎಲ್ಲಿ ನಿಲ್ಲಿಸಬೇಕು ಅನ್ನೋದು ಕೈಗೆ ತಿಳಿಯಬೇಕು, ಯಾರೂ ಹೇಳಿಕೊಡೋಕಾಗಲ್ಲ. ಮಾರನೇ ದಿನ ಕಾಂಕ್ರೀಟ್ ಬಿದ್ದರೆ ನಮ್ಮ ಗಂಟು ಯಾರಿಗೂ ಕಾಣಲ್ಲ. ಆದರೂ ಇಂಜಿನಿಯರ್ ಟೇಪ್ ಹಿಡಿದು ಅಳೆದು, ಸುಮ್ನೆ ತಲೆ ಆಡಿಸಿ ಹೋದ ದಿನ ಮೆಸ್ಸಿನ ನೀರು ಸಾರೂ ರುಚಿಯಾಗುತ್ತದೆ.

ಬಿಸಿಲಿಗೆ ಹೆದರಬೇಡ, ಸೇಡಂನ ಬಿಸಿಲು ಕಂಡವರು ನಾವು. ಇಲ್ಲಿ ಸಮುದ್ರದ ತೇವ ಜಾಸ್ತಿ, ಬೆವರು ಆರೋದಿಲ್ಲ, ಅಷ್ಟೇ. ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಿಗ್ಗೆ 10ರಿಂದ ಮಧ್ಯಾಹ್ನ 3.30ರ ತನಕ ಬಯಲಿನಲ್ಲಿ ಕೆಲಸ ಮಾಡಿಸುವ ಹಾಗಿಲ್ಲ. ಹಾಗಾಗಿ ಬೆಳಗಿನ ಜಾವ 3ಕ್ಕೇ ಏಳುತ್ತೇವೆ.

ಬೇಸರ ಬೇರೆ ಕಡೆಯಿಂದ ಬರುತ್ತದೆ. ಮೊದಲಿದ್ದ ಫೋರ್‌ಮನ್ ಹೆಸರು ಹಿಡಿದು ಕರೆಯುತ್ತಿದ್ದ. ಈಗಿನವನು ಹೆಲ್ಮೆಟ್ ಮೇಲಿನ ನಂಬರ್ ಕೂಗುತ್ತಾನೆ. ಅದೇ ಕಂಬಿ, ಅದೇ ಸಂಬಳ, ಆದರೆ ಕೈ ಓಡೋದಿಲ್ಲ ನೋಡು.

ಇಲ್ಲಿ 2021ರಿಂದ ಕನಿಷ್ಠ ಮೂಲ ಸಂಬಳ 1,000 ರಿಯಾಲ್. ಊಟ, ರೂಮು ಕಂಪನಿ ಕೊಡದಿದ್ದರೆ 300 ಮತ್ತು 500 ಬೇರೆ. ಎಲ್ಲ ಬ್ಯಾಂಕಿಗೇ ಬೀಳಬೇಕು. ಬೀಳುತ್ತದೆ, ಎರಡು ಸಲ ತಡವಾಗಿದ್ದು ಬಿಟ್ಟರೆ. ತೊಗರಿ ಬಿತ್ತನೆಗೆ ಗೊಬ್ಬರದ ದುಡ್ಡು ಕೇಳಿದಾಗ ಬ್ಯಾಂಕಿನ ಸರ್ವರ್ ಕೆಟ್ಟಿದೆ ಅಂದಿದ್ದೆನಲ್ಲ, ಸರ್ವರ್ ಸರಿಯಾಗೇ ಇತ್ತು.

ಇನ್ನು ಏಜೆಂಟ್. ಅವನಿಗೆ ಕೊಡೋಕೆ ಮಾಡಿದ ಸಾಲ ನನ್ನ ಮೊದಲ ಒಂಬತ್ತು ತಿಂಗಳು ತಿಂದು ಹಾಕಿತು. ನಮ್ಮ ಸರ್ಕಾರದ ನಿಯಮದಲ್ಲಿ 30,000 ರೂಪಾಯಿ ಮತ್ತು ಜಿಎಸ್‌ಟಿ ಬಿಟ್ಟು ಜಾಸ್ತಿ ಕೇಳುವ ಹಾಗಿಲ್ಲವಂತೆ! ನನಗೆ ಗೊತ್ತಾಗಿದ್ದು ಇಲ್ಲಿಗೆ ಬಂದ ಮೇಲೆ. ಬರಲೇಬೇಕು ಅಂದರೆ ಮೊದಲು ನಮ್ಮ ಸರ್ಕಾರದ ವೆಬ್‌ಸೈಟ್ ಇ-ಮೈಗ್ರೇಟ್‌ನಲ್ಲಿ ಅವನ ಹೆಸರು ಇದೆಯಾ ನೋಡು. ರಸೀದಿ ಕೇಳು. ಮುಖ ಸಣ್ಣ ಮಾಡಿದನೋ, ಎದ್ದು ಬಾ. ಮತ್ತೆ, ಸೆಂಟ್ರಿಂಗೋ ಕಂಬಿಯೋ, ಒಂದು ಕೆಲಸ ಅಲ್ಲೇ ಕಲಿತುಕೋ. ಹೆಲ್ಪರ್ ಅಂತ ಮಾತ್ರ ಬರಬೇಡ.

2020ರಿಂದ ಇಲ್ಲಿ ಹಳೇ ಕಂಪನಿಯ ಒಪ್ಪಿಗೆ ಪತ್ರ ಇಲ್ಲದೆಯೂ, ನೋಟಿಸ್ ಕೊಟ್ಟು, ಬೇರೆ ಕಡೆ ಸೇರಬಹುದು. ಎದುರು ಮಂಚದವನು ಹಾಗೇ ಹೋದ. ನಾನೂ ಕೇಳಿಟ್ಟಿದ್ದೇನೆ. ಅಪ್ಪನಿಗೆ ಈಗಲೇ ಹೇಳಬೇಡ.

ಶೇಂಗಾ ಚಟ್ನಿಪುಡಿ ಮುಗಿಯಿತು. ಊರಿನಿಂದ ಯಾರಾದರೂ ಹೊರಟರೆ ಕಳಿಸು. ಎರಡು ಕವರ್ ಹಾಕು, ಹೋದ ಸಲ ಬ್ಯಾಗೆಲ್ಲ ಎಣ್ಣೆ.

ಇಂತಿ,
ನಿನ್ನ ಅಣ್ಣ