ದುಡ್ಡು ಎಲ್ಲರದ್ದು, ಪತ್ರ ಅಣ್ಣನ ಹೆಸರಿಗೆ ಮಾತ್ರವೇ?

ಮಾನ್ಯ ಸಂಪಾದಕರೇ,

ಮೈಸೂರಿನ ಸುತ್ತ ಬಡಾವಣೆಗಳು ಬೆಳೆದಂತೆ ಒಡಹುಟ್ಟಿದವರು ದುಡ್ಡು ಸೇರಿಸಿ ಸೈಟು, ಬಾಡಿಗೆಗೆ ಕೊಡುವ ಮನೆ ಕೊಳ್ಳುವುದು ಜಾಸ್ತಿಯಾಗಿದೆ. ನಮ್ಮ ಮನೆಯಲ್ಲೂ ಈಗ ಅದೇ ಮಾತು. ಬೋಗಾದಿ ಕಡೆ ಎರಡು ಮನೆ ನೋಡಿದ್ದೇವೆ. 'ಸದ್ಯಕ್ಕೆ ದೊಡ್ಡಣ್ಣನ ಹೆಸರಲ್ಲಿರಲಿ, ಆಮೇಲೆ ನೋಡೋಣ' ಎನ್ನುತ್ತಾರೆ ಹಿರಿಯರು. ನನಗಿದು ಸರಿ ಕಾಣುವುದಿಲ್ಲ.

ತಂಗಿಯ ದುಡ್ಡಿನಲ್ಲಿ ಅಣ್ಣನ ಹೆಸರಿಗೆ ಮಾತ್ರ ಕ್ರಯಪತ್ರವಾದರೆ ಬೇನಾಮಿ ಕಾಯ್ದೆಯ ತೊಡಕು ಬರಬಹುದು. ಒಡಹುಟ್ಟಿದವರಿಗೆ ವಿನಾಯಿತಿ ಇದೆ, ನಿಜ. ಆದರೆ ದುಡ್ಡು ಕೊಟ್ಟವರ ಹೆಸರೂ ಜಂಟಿ ಮಾಲೀಕರಾಗಿ ಪತ್ರದಲ್ಲಿರಬೇಕು, ದುಡ್ಡಿನ ಮೂಲಕ್ಕೂ ಲೆಕ್ಕವಿರಬೇಕು. ಮನೆಯವರೇ ಅಲ್ವಾ ಎಂದು ಸುಮ್ನೆ ಬಿಡುವ ವಿಷಯವಲ್ಲ ಇದು.

ಒಡಹುಟ್ಟಿದವರೇ ಸಂಸ್ಥೆ ಕಟ್ಟಿಕೊಂಡು ಅದರ ಮೂಲಕ ಕೊಳ್ಳುವ ದಾರಿಯೂ ಇದೆ. 1932ರ ಕಾಯ್ದೆಯಂತೆ ಪಾಲುದಾರಿಕೆ ಮಾಡಿಕೊಂಡರೆ, ಸಂಸ್ಥೆಯ ಸಾಲಕ್ಕೆ ಪ್ರತಿ ಪಾಲುದಾರರ ಸ್ವಂತ ಆಸ್ತಿಯೂ ಹೊಣೆ. ನೋಂದಣಿ ಮಾಡಿಸದಿದ್ದರೆ ಒಪ್ಪಂದ ಮುರಿದವರ ಮೇಲೆ ಸಂಸ್ಥೆ ದಾವೆ ಹೂಡುವಂತಿಲ್ಲ. 2008ರ ಕಾಯ್ದೆಯಡಿ ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ) ಮಾಡಲು ಇಬ್ಬರಿದ್ದರೆ ಸಾಕು. ಸಾಮಾನ್ಯವಾಗಿ ಹಾಕಿದ ಬಂಡವಾಳಕ್ಕಷ್ಟೇ ಹೊಣೆ. ಆದರೆ ಬ್ಯಾಂಕು ಸಾಲಕ್ಕೆ ಸ್ವಂತ ಜಾಮೀನು ಬರೆಸಿಕೊಂಡರೆ ಆ ರಕ್ಷಣೆ ಅಲ್ಲಿಗೆ ಹೋಯಿತು. ವರ್ಷ ವರ್ಷ ಲೆಕ್ಕವನ್ನೂ ಸಲ್ಲಿಸಬೇಕು.

ಮೊದಲು ಸ್ವಂತ ಹೆಸರಲ್ಲಿ ಕೊಂಡು ಆಮೇಲೆ ಸಂಸ್ಥೆಗೆ ವರ್ಗಾಯಿಸಿದರೆ ಮುದ್ರಾಂಕ ಶುಲ್ಕ ಮತ್ತೆ ಬೀಳಬಹುದು. ಹಾಗಾಗಿ ಮುಂಗಡ ಕೊಡುವ ಮೊದಲೇ ಇದು ತೀರ್ಮಾನವಾಗಬೇಕು.

ಈ ಮಾಹಿತಿಯನ್ನು ಸರಳ ಕನ್ನಡದಲ್ಲಿ ಬರೆದು ಉಪನೋಂದಣಿ ಕಚೇರಿಗಳಲ್ಲಿ ಎಲ್ಲರಿಗೂ ಕಾಣುವಂತೆ ಹಾಕಬೇಕು. ತಾವೂ ಲೆಕ್ಕಪರಿಶೋಧಕರೊಬ್ಬರಿಂದ ಲೇಖನ ಬರೆಸಬೇಕೆಂದು ಕೋರುತ್ತೇನೆ.

– ನಿವೃತ್ತ ಶಿಕ್ಷಕಿ, ಕುವೆಂಪುನಗರ, ಮೈಸೂರು