ತುಂಗೆಯ ನೀರಿನ ಪರೀಕ್ಷಾ ಫಲಿತಾಂಶ ದಡದ ಜನರಿಗೂ ತಿಳಿಯಲಿ

ಮಾನ್ಯರೇ,

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2018ರಲ್ಲಿ ದೇಶದ 351 ಕಲುಷಿತ ನದಿಭಾಗಗಳನ್ನು ಪಟ್ಟಿ ಮಾಡಿದಾಗ ಕರ್ನಾಟಕದ 17 ನದಿಭಾಗಗಳು ಅದರಲ್ಲಿದ್ದವು. ಶಿವಮೊಗ್ಗದಿಂದ, ಭದ್ರೆಯನ್ನು ಸೇರುವ ಕೂಡ್ಲಿಯವರೆಗಿನ ತುಂಗೆಯೂ ಅವುಗಳಲ್ಲೊಂದು. ‘ಗಂಗಾ ಸ್ನಾನ, ತುಂಗಾ ಪಾನ’ ಎಂದು ಹೆಮ್ಮೆಯಿಂದ ಹೇಳಿಕೊಂಡು ಬಂದ ಊರಿನವರಿಗೆ ಇದು ನೋವಿನ ಸಂಗತಿ. ಹೊಳೆ ಎಷ್ಟು ಕೆಟ್ಟಿದೆ ಎಂಬುದನ್ನು ಅಳೆಯುತ್ತಿರುವ ರೀತಿ ಮತ್ತು ಆ ಅಳತೆ ಯಾರಿಗೆ ತಲುಪುತ್ತಿದೆ ಎಂಬುದರ ಬಗ್ಗೆ ಈ ಪತ್ರ ಬರೆಯುತ್ತಿದ್ದೇನೆ.

ನದಿ ನೀರಿನ ಮಾದರಿಯನ್ನು ನಿಗದಿತ ಸ್ಥಳಗಳಲ್ಲಿ ಸಾಮಾನ್ಯವಾಗಿ ತಿಂಗಳಿಗೊಮ್ಮೆ ಸಂಗ್ರಹಿಸಲಾಗುತ್ತದೆ. ಇದು ಸುಲಭದ ಕೆಲಸವಲ್ಲ. ಕರಗಿದ ಆಮ್ಲಜನಕ ಎಷ್ಟಿದೆಯೆಂದು ತಿಳಿಯಲು ಗಾಳಿಯ ಒಂದು ಗುಳ್ಳೆಯೂ ಉಳಿಯದಂತೆ ಬಾಟಲಿ ತುಂಬಿಸಿ, ದಡದಲ್ಲೇ ರಾಸಾಯನಿಕಗಳನ್ನು ಬೆರೆಸಬೇಕು. ಆಮ್ಲಜನಕವಿದ್ದರೆ ತಳದಲ್ಲಿ ಕಂದು ಬಣ್ಣದ ಗಸಿ ಕೂರುತ್ತದೆ, ಇಲ್ಲದಿದ್ದರೆ ಗಸಿ ಬಿಳಿಯಾಗಿಯೇ ಉಳಿಯುತ್ತದೆ. ನೀರಿಗೆ ಮಲದ ಕೊಳಕು ಸೇರಿರಬಹುದೆಂದು ಸೂಚಿಸುವ ಕೋಲಿಫಾರ್ಮ್ ಬ್ಯಾಕ್ಟೀರಿಯಾ ಪರೀಕ್ಷೆಯ ಮಾದರಿಯನ್ನು ಮಂಜುಗಡ್ಡೆಯಲ್ಲಿಟ್ಟು ಬೇಗನೆ ಪ್ರಯೋಗಾಲಯ ಮುಟ್ಟಿಸಬೇಕು. ಬಿಒಡಿ, ಅಂದರೆ ನೀರಿನಲ್ಲಿರುವ ಸಾವಯವ ಕೊಳೆಯನ್ನು ಕರಗಿಸಲು ಸೂಕ್ಷ್ಮಜೀವಿಗಳು ಬಳಸುವ ಆಮ್ಲಜನಕದ ಪ್ರಮಾಣ, ತಿಳಿಯುವ ಪರೀಕ್ಷೆಗೆ 27 ಡಿಗ್ರಿ ಸೆಲ್ಸಿಯಸ್‌ನಲ್ಲಿ 3 ದಿನ ಕಾಯಬೇಕು. ಇಷ್ಟು ಶ್ರಮಪಟ್ಟು ಪಡೆದ ಅಂಕಿಯೂ ಆ ಜಾಗದ, ಆ ಹೊತ್ತಿನ ನೀರಿನ ಸ್ಥಿತಿಯನ್ನಷ್ಟೇ ಹೇಳಬಲ್ಲದು. ರಾತ್ರಿಯಲ್ಲಿ ರಾಜಕಾಲುವೆಯಿಂದ ಹೊಳೆ ಸೇರಿದ ಕೊಳಕಾಗಲಿ, ಮೊದಲ ಮಳೆಗೆ ಊರಿನ ಚರಂಡಿಗಳಿಂದ ಕೊಚ್ಚಿಬಂದದ್ದಾಗಲಿ ತಿಂಗಳಿಗೊಂದು ಬಾಟಲಿಗೆ ಸಿಕ್ಕರೆ ಅದು ಆಕಸ್ಮಿಕ. ಬೇಸಿಗೆಯಲ್ಲಿ ಗಾಜನೂರಿನ ಅಣೆಕಟ್ಟೆಯಿಂದ ಕೆಳಗೆ ಹರಿವು ಕುಗ್ಗಿ, ಇರುವ ನೀರಿನಲ್ಲಿ ಚರಂಡಿಯ ಪಾಲು ಹೆಚ್ಚಾಗುವ ತಿಂಗಳುಗಳಲ್ಲಾದರೂ ವಾರಕ್ಕೊಮ್ಮೆ ಪರೀಕ್ಷೆ ನಡೆಯಬೇಕು. ಕಾಲುವೆಗಳು ಹೊಳೆಗೆ ಬೀಳುವ ಜಾಗಗಳಲ್ಲೂ ಮಾದರಿ ತೆಗೆಯದಿದ್ದರೆ, ಮಾಲಿನ್ಯ ಎಲ್ಲಿಂದ ಬಂತೆಂದು ಯಾರನ್ನು ಕೇಳುವುದು?

ಫಲಿತಾಂಶವನ್ನು ‘ಎ’ಯಿಂದ ‘ಇ’ವರೆಗಿನ ದರ್ಜೆಗಳಲ್ಲಿ ಹೇಳುವ ಪದ್ಧತಿಯೂ ಜನರನ್ನು ದಾರಿ ತಪ್ಪಿಸುವಂತಿದೆ. ‘ಸಿ’ ದರ್ಜೆಯ ನೀರನ್ನು ಶುದ್ಧೀಕರಿಸಿ ಕುಡಿಯಬಹುದು ಎಂದು ಕೇಳಿದವರು, ಹಾಗಿದ್ದರೆ ಸ್ನಾನಕ್ಕೇನು ಅಡ್ಡಿ ಎಂದುಕೊಳ್ಳುವುದು ಸಹಜ. ಆದರೆ ಸ್ನಾನಕ್ಕೆ ಯೋಗ್ಯವಾದ ‘ಬಿ’ ದರ್ಜೆಯಲ್ಲಿ 100 ಮಿಲಿಲೀಟರ್ ನೀರಿಗೆ ಒಟ್ಟು ಕೋಲಿಫಾರ್ಮ್ 500 ಮೀರಬಾರದು; ‘ಸಿ’ ದರ್ಜೆಯಲ್ಲಿ ಅದು 5000ದವರೆಗೆ ಇರಬಹುದು. ಬಿಒಡಿ ಮಿತಿ ಮಾತ್ರ ಎರಡಕ್ಕೂ ಒಂದೇ, ಲೀಟರಿಗೆ 3 ಮಿಲಿಗ್ರಾಂ. ಕೂಡ್ಲಿಯ ಸಂಗಮದಲ್ಲಿ ಮುಳುಗೆದ್ದು, ತೀರ್ಥವೆಂದು ಬೊಗಸೆ ನೀರು ಬಾಯಿಗೆ ಹಾಕಿಕೊಳ್ಳುವ ಭಕ್ತರಿಗೆ ಈ ಹತ್ತುಪಟ್ಟಿನ ವ್ಯತ್ಯಾಸವನ್ನು ಹೇಳುವವರು ಯಾರು?

ಅಂಕಿಗಳು ಜಾಲತಾಣದಲ್ಲಿವೆ ಎಂಬ ಉತ್ತರ ಸಾಲದು. ಮಳೆಗಾಲದಲ್ಲಿ ಕೋರ್ಪಲಯ್ಯನ ಛತ್ರದ ಬಳಿಯ ಮಂಟಪ ಮುಳುಗಿತೆಂದರೆ ತುಂಗೆ ಅಪಾಯದ ಮಟ್ಟಕ್ಕೆ ಬಂದಳೆಂದು ಶಿವಮೊಗ್ಗದ ಮಕ್ಕಳಿಗೂ ಗೊತ್ತಾಗುತ್ತದೆ. ನೀರಿನ ಕೊಳೆಗೂ ಅಂಥದ್ದೇ ಕಣ್ಣಿಗೆ ಕಾಣುವ ಗುರುತು ಬೇಕು. ಶಿವಮೊಗ್ಗದ ಸ್ನಾನಘಟ್ಟಗಳಲ್ಲಿ, ಕೂಡ್ಲಿಯಲ್ಲಿ ಮತ್ತು ಕೆಳಗಿನ ಹೊನ್ನಾಳಿ, ಹರಿಹರಗಳಲ್ಲಿ, ಮಾದರಿ ತೆಗೆದ ದಿನಾಂಕ, ಕೋಲಿಫಾರ್ಮ್ ಸಂಖ್ಯೆ ಹಾಗೂ ಸ್ನಾನಕ್ಕೆ ಯೋಗ್ಯವೇ ಅಲ್ಲವೇ ಎಂಬ ಸ್ಪಷ್ಟ ಮಾತನ್ನು ಕನ್ನಡದಲ್ಲಿ ಬರೆದ ಫಲಕಗಳನ್ನು ಹಾಕಿ, ಪ್ರತಿ ಪರೀಕ್ಷೆಯ ನಂತರ ಬದಲಿಸಬೇಕು. ಇದಕ್ಕೆ ದೊಡ್ಡ ಅನುದಾನವೇನೂ ಬೇಕಿಲ್ಲ.

ಸಿಬ್ಬಂದಿ ಕೊರತೆ ಎನ್ನುವುದಾದರೆ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಮತ್ತು ಜಿಲ್ಲೆಯ ಕಾಲೇಜುಗಳಲ್ಲಿ ವಿಜ್ಞಾನದ ವಿದ್ಯಾರ್ಥಿಗಳಿದ್ದಾರೆ, ಪ್ರಯೋಗಾಲಯಗಳಿವೆ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಮೇಲ್ವಿಚಾರಣೆಯಲ್ಲಿ ಅವರನ್ನು ಈ ಕೆಲಸಕ್ಕೆ ತೊಡಗಿಸಿಕೊಂಡು, ಮುಂದಿನ ಬೇಸಿಗೆಯೊಳಗೆ ವಾರದ ಪರೀಕ್ಷೆಯನ್ನು ಆರಂಭಿಸಬೇಕೆಂದು ಜಿಲ್ಲಾಡಳಿತವನ್ನು ಒತ್ತಾಯಿಸುತ್ತೇನೆ.

– ನಿವೃತ್ತ ರಸಾಯನವಿಜ್ಞಾನ ಉಪನ್ಯಾಸಕ, ಶಿವಮೊಗ್ಗ