ಎರಡೂ ಮೈಕ್ರೋಸ್ಕೋಪ್ ಸೇರಿಸಿ ನೋಡೋದನ್ನ ನಮ್ಮ ಮಕ್ಕಳಿಗೂ ಹೇಳಿ

ಮಾನ್ಯ ಸಂಪಾದಕರೇ,

ಲೈಟ್ ಮೈಕ್ರೋಸ್ಕೋಪ್‌ಗೂ ಎಲೆಕ್ಟ್ರಾನ್ ಮೈಕ್ರೋಸ್ಕೋಪ್‌ಗೂ ಇರೋ ವ್ಯತ್ಯಾಸ ಬರೀರಿ ಅಂತ ಪರೀಕ್ಷೇಲಿ ಕೇಳ್ತಾರೆ, ಮಕ್ಕಳು ಮಧ್ಯೆ ಗೆರೆ ಎಳೆದು ಆ ಕಡೆ ಈ ಕಡೆ ಪಾಯಿಂಟ್ ಬರೆದು ಬರ್ತಾರೆ, ಅಲ್ಲಿಗೆ ಮುಗೀತು. ಆದ್ರೆ ಒಂದೇ ಸ್ಯಾಂಪಲ್‌ನ ಎರಡರಲ್ಲೂ ನೋಡಿ ಚಿತ್ರ ಜೋಡಿಸೋ ವಿಧಾನ ಇದೆ, ಕ್ಲೆಮ್ (CLEM, ಕೋರಿಲೇಟಿವ್ ಲೈಟ್ ಅಂಡ್ ಎಲೆಕ್ಟ್ರಾನ್ ಮೈಕ್ರೋಸ್ಕೋಪಿ) ಅಂತಾರೆ. ಇದರ ಹೆಸರು ಕೇಳಿರೋ ಡಿಗ್ರಿ ವಿದ್ಯಾರ್ಥಿ ನಮ್ಮ ಚಿಕ್ಕಮಗಳೂರಲ್ಲಿ ನನಗಂತೂ ಸಿಕ್ಕಿಲ್ಲ, ಬೇಜಾರಾಗುತ್ತೆ.

ನಮ್ಮ ಕಾಫಿ ತುಕ್ಕು ರೋಗನೇ ತಗೊಳ್ಳಿ. ಎಲೆ ಅಡಿಯಲ್ಲಿ ಕಿತ್ತಳೆ ಪುಡಿ ಕಾಣುತ್ತಲ್ಲ, ಅದು ಹೆಮಿಲಿಯಾ ವಾಸ್ಟಾಟ್ರಿಕ್ಸ್ ಅನ್ನೋ ಶಿಲೀಂಧ್ರದ ಬೀಜಕ, ಪತ್ರರಂಧ್ರದಿಂದ ಒಳಗೆ ಹೋಗಿ ಜೀವಕೋಶದೊಳಗೆ ಹಾಸ್ಟೋರಿಯಂ ಅನ್ನೋ ಹೀರೋ ಅಂಗ ಇಳಿಸಿ ಆಹಾರ ಹೀರುತ್ತೆ. ಹೊಳೆಯೋ ಬಣ್ಣ ಹಾಕಿ ಫ್ಲೋರೊಸೆನ್ಸ್ ಮೈಕ್ರೋಸ್ಕೋಪ್‌ನಲ್ಲಿ ನೋಡಿದ್ರೆ ಎಲೆ ತುಂಡಲ್ಲಿ ಶಿಲೀಂಧ್ರ ಎಲ್ಲೆಲ್ಲಿದೆ ಅಂತ ಗೊತ್ತಾಗುತ್ತೆ, ಆದ್ರೆ ಮಾಮೂಲಿ ಬೆಳಕಿನ ಮಿತಿ ಸುಮಾರು 200 ನ್ಯಾನೋಮೀಟರ್, ಅದಕ್ಕಿಂತ ಹತ್ತಿರ ಇರೋದೆಲ್ಲ ಕಲಸಿಹೋಗುತ್ತೆ, ಗಿಡಕ್ಕೂ ಶಿಲೀಂಧ್ರಕ್ಕೂ ನಡುವಿನ ಪೊರೆ ಬಿಡಿಸಿ ಕಾಣಲ್ಲ. ಆ ಪೊರೆ ಕಾಣೋದು ಎಲೆಕ್ಟ್ರಾನ್ ಮೈಕ್ರೋಸ್ಕೋಪ್‌ನಲ್ಲಿ. ಆದ್ರೆ ಅದಕ್ಕೆ ಎಲೆ ತುಂಡನ್ನ ರೆಸಿನ್ ಅನ್ನೋ ಪ್ಲಾಸ್ಟಿಕ್‌ನಂಥ ಅಂಟಲ್ಲಿ ಗಟ್ಟಿ ಮಾಡಿ ವಜ್ರದ ಚಾಕುವಿಂದ 70 ನ್ಯಾನೋಮೀಟರ್ ಆಸುಪಾಸಿನ ಸೀಳು ತೆಗೀಬೇಕು, ಅಷ್ಟು ತೆಳು ಸೀಳಲ್ಲಿ ಹಾಸ್ಟೋರಿಯಂ ಸಿಕ್ಕೇ ಸಿಗುತ್ತೆ ಅಂತ ಏನು ಗ್ಯಾರಂಟಿ? ಅದಕ್ಕೇ ಮೊದಲು ಬೆಳಕಿನಲ್ಲಿ ಜಾಗ ಹುಡುಕಿ, ಅದೇ ಜಾಗ ಕತ್ತರಿಸಿ ಎಲೆಕ್ಟ್ರಾನ್‌ನಲ್ಲಿ ನೋಡೋದು. ಎರಡು ಚಿತ್ರ ಸರಿಯಾಗಿ ಕೂರಿಸೋಕೆ ಎರಡರಲ್ಲೂ ಕಾಣೋ ಸಣ್ಣ ಮಣಿಗಳನ್ನ ಗುರುತಾಗಿ ಬಳಸ್ತಾರೆ.

ಕಷ್ಟ ಇಲ್ಲ ಅಂತಲ್ಲ. ಎಲೆಕ್ಟ್ರಾನ್‌ಗೆ ತಯಾರು ಮಾಡುವಾಗ ಹಾಕೋ ಆಸ್ಮಿಯಂ ಅನ್ನೋ ಭಾರಲೋಹದ ರಾಸಾಯನಿಕ ಆ ಬಣ್ಣದ ಹೊಳಪನ್ನ ಹೆಚ್ಚುಕಮ್ಮಿ ಸಾಯಿಸಿಬಿಡುತ್ತೆ, ಅದಕ್ಕೆ ಬೆಳಕಿನ ಫೋಟೋ ಮೊದಲೇ ತೆಗೆದಿಟ್ಕೋತಾರೆ, ಇಲ್ಲಾಂದ್ರೆ ನೀರು ಹರಳಾಗದಷ್ಟು ವೇಗವಾಗಿ ಹೆಪ್ಪುಗಟ್ಟಿಸ್ತಾರೆ. ಈ ಹೆಪ್ಪುಗಟ್ಟಿಸೋ ದಾರಿ ತೋರಿಸಿದ ಜಾಕ್ ದುಬೋಶೆಗೆ 2017ರಲ್ಲಿ ಇನ್ನಿಬ್ಬರ ಜೊತೆ ನೊಬೆಲ್ ಬಂತು. ಬೆಳಕಿನ ಕಡೆ ಗುರುತಾಗಿ ಬಳಸೋ ಹೊಳೆಯೋ ಹಸಿರು ಪ್ರೋಟೀನ್ ಮೇಲಿನ ಕೆಲಸಕ್ಕೆ 2008ರಲ್ಲೇ ನೊಬೆಲ್ ಬಂದಿತ್ತು.

ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಕೋಟಿಗಟ್ಟಲೆ ಮಾತು, ಪ್ರತಿ ಕಾಲೇಜಿಗೂ ಕೊಡಿ ಅಂತ ನಾನು ಕೇಳ್ತಿಲ್ಲ. ಪಠ್ಯದಲ್ಲಿ ವ್ಯತ್ಯಾಸದ ಪಟ್ಟಿ ಆದ್ಮೇಲೆ ಇದಕ್ಕೂ ಒಂದು ಪುಟ ಕೊಡಲಿ, ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದ ವಿಜ್ಞಾನಿಗಳನ್ನ ಕರೆಸಿ ತುಕ್ಕು ರೋಗದ ಸ್ಲೈಡ್ ತೋರಿಸಿ ಮಾತಾಡಿಸಲಿ. ತೋಟದ ಮನೆ ಮಕ್ಕಳೇ ಎಷ್ಟೋ ಜನ ಇದ್ದಾರೆ, ಅವರಿಗೆ ಬೇಗ ಹತ್ತುತ್ತೆ.

ನಿಮ್ಮ ಪತ್ರಿಕೆಗೂ ಒಂದು ವಿನಂತಿ. ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಚಿತ್ರ ಮೂಲದಲ್ಲಿ ಕಪ್ಪು ಬಿಳುಪು, ಬಣ್ಣ ಇದ್ರೆ ಅದು ಕಂಪ್ಯೂಟರ್‌ನಲ್ಲಿ ಹಾಕಿದ್ದೋ ಫ್ಲೋರೊಸೆನ್ಸ್ ಫೋಟೋದಿಂದ ಬಂದಿದ್ದೋ ಅಂತ ಚಿತ್ರದ ಕೆಳಗೆ ಒಂದು ಸಾಲು ಹಾಕಿ, ಓದೋರಿಗೆ ಗೊತ್ತಾಗಲಿ.

– ಸಸ್ಯಶಾಸ್ತ್ರ ಉಪನ್ಯಾಸಕ, ಚಿಕ್ಕಮಗಳೂರು